ಚರ್ಮದ ಪದರಗಳು ಮತ್ತು ಸಾಮಾನ್ಯ ಚರ್ಮರೋಗಗಳು: ವೈದ್ಯ ವಿದ್ಯಾರ್ಥಿಗಳಿಗೊಂದು ಪಾಠ

ಹೃದಯ, ಶ್ವಾಸಕೋಶ, ಯಕೃತ್ತು ಮೊದಲಾದ ಅಂಗಗಳು ಶರೀರದ ಒಳಗೆ ಅಡಗಿರುತ್ತವೆ. ಚರ್ಮವಾದರೋ ಸದಾ ಕಣ್ಣೆದುರಿಗೇ ಇರುತ್ತದೆ. ಕಾಣುತ್ತದೆ ಎಂಬ ಕಾರಣಕ್ಕೇ ಅದನ್ನು ನಿಂತು ನೋಡದೆ, ‘ಏನೋ ಕಜ್ಜಿ’ ಎಂದು ಒಂದು ಮುಲಾಮು ಕೊಟ್ಟು ಕಳುಹಿಸುವುದುಂಟು. ಈ ಆತುರದಿಂದ ರೋಗಿಗೆ ಎಷ್ಟು ಹಾನಿಯಾಗಬಲ್ಲದು ಎಂಬುದು ಚರ್ಮದ ರಚನೆಯನ್ನು ಅರಿತವರಿಗೆ ಮಾತ್ರ ತಿಳಿಯುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಪ್ರತಿಯೊಂದು ಮಚ್ಚೆಯನ್ನೂ ಗಂಧೆಯನ್ನೂ ಕಂಡಾಗ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ರೋಗವು ಚರ್ಮದ ಯಾವ ಪದರದಲ್ಲಿದೆ?

ಚರ್ಮದ ರಚನೆ

ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರ್. ಇದರಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿದ್ದು, ಅವುಗಳ ಕೆಳಗೆ ಕೊಬ್ಬಿನ ಹಾಸು ಇರುತ್ತದೆ.

ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ತಳದಲ್ಲಿರುವ ಜೀವಕೋಶಗಳು ಸತತವಾಗಿ ವಿಭಜನೆಗೊಂಡು ಮೇಲೆ ಸರಿಯುತ್ತವೆ. ಹಾಗೆ ಸರಿಯುತ್ತಾ ಕೆರಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ತುಂಬಿಕೊಂಡು, ಜೀವ ಕಳೆದುಕೊಂಡು, ಕೊನೆಗೆ ಹೊಟ್ಟಾಗಿ ಉದುರುತ್ತವೆ. ಈ ಪಯಣಕ್ಕೆ ಸುಮಾರು 4 ವಾರಗಳು ಬೇಕು. ತಳಪದರದಲ್ಲಿಯೇ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳಿವೆ. ಕಪ್ಪು ಬಣ್ಣದವರಲ್ಲಿಯೂ ಬಿಳಿ ಬಣ್ಣದವರಲ್ಲಿಯೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಹಾಗೂ ಬಗೆಯಲ್ಲಿ.

ಒಳಚರ್ಮವು ಕೊಲಾಜೆನ್ ನಾರುಗಳ ದೃಢವಾದ ಹೆಣಿಗೆ. ರಕ್ತನಾಳಗಳು, ನರಗಳು, ಬೆವರಿನ ಗ್ರಂಥಿಗಳು, ತೈಲಗ್ರಂಥಿಗಳು ಮತ್ತು ಕೂದಲಿನ ಬುಡಗಳು ಇಲ್ಲಿ ನೆಲೆಸಿವೆ. ಸ್ಪರ್ಶ, ನೋವು, ಬಿಸಿ, ತಂಪುಗಳ ಅರಿವನ್ನು ಒಯ್ಯುವುದು ಇಲ್ಲಿಯ ನರಗಳೇ.

ಮೇಲ್ಪದರದ ರೋಗಗಳು

ಹುಳುಕಡ್ಡಿಯನ್ನು ಉಂಟುಮಾಡುವುದು ಹುಳುವಲ್ಲ, ಶಿಲೀಂಧ್ರ. ಅದು ಹೊರಚರ್ಮದ ಸತ್ತ ಕೆರಟಿನ್ನನ್ನು ತಿಂದು ಬದುಕುತ್ತದೆ. ಒಂದು ಕಡೆ ಆಹಾರವನ್ನು ತೀರಿಸಿ ಸುತ್ತಲೂ ಹರಡುವುದರಿಂದ ನಡುಭಾಗ ತಿಳಿಯಾಗಿ, ಅಂಚು ಕೆಂಪಗೆ ಉಬ್ಬಿ, ಉಂಗುರದ ಆಕಾರ ಮೂಡುತ್ತದೆ. ಆ ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ.

ಇಲ್ಲಿ ಒಂದು ಅಪಾಯವನ್ನು ಗಮನಿಸಬೇಕು. ರೋಗಿಯು ಔಷಧದ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಾನೇ ಕೊಂಡು ಹಚ್ಚುತ್ತಾನೆ. ಸ್ಟೀರಾಯ್ಡು ಉರಿಯೂತವನ್ನು ಅಡಗಿಸುವುದರಿಂದ ಎರಡು ದಿನಗಳಲ್ಲಿ ತುರಿಕೆ ತಗ್ಗುತ್ತದೆ, ಕೆಂಪು ಮಾಸುತ್ತದೆ. ಆದರೆ ಶರೀರದ ಪ್ರತಿರೋಧವೂ ಅಲ್ಲಿ ಕುಗ್ಗಿರುವುದರಿಂದ ಶಿಲೀಂಧ್ರವು ನಿರಾತಂಕವಾಗಿ ಹಬ್ಬುತ್ತದೆ. ಉಂಗುರದ ಗುರುತು ಅಳಿದು ವೈದ್ಯರಿಗೂ ರೋಗ ತಿಳಿಯದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ತೊಡೆಸಂದಿಯಲ್ಲಿ ಎಂದೂ ಮಾಯದ ಬರೆಗಳು ಬೀಳುತ್ತವೆ.

ಕಜ್ಜಿಗೆ ಕಾರಣವಾದ ನುಸಿಯೂ ಹೊರಚರ್ಮದಲ್ಲಿಯೇ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆರಳುಗಳ ಸಂದು, ಮಣಿಕಟ್ಟು, ಸೊಂಟ, ಗುಪ್ತಾಂಗಗಳಲ್ಲಿ ಗಂಧೆಗಳೆದ್ದು ರಾತ್ರಿ ತುರಿಕೆ ಹೆಚ್ಚುತ್ತದೆ. ಮೊದಲ ಬಾರಿ ತಗುಲಿದವರಲ್ಲಿ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರಗಳು ಹಿಡಿಯಬಹುದು. ಅಷ್ಟರಲ್ಲಿ ಅದು ಜೊತೆಗಿದ್ದವರಿಗೂ ದಾಟಿರುತ್ತದೆ. ಆದುದರಿಂದ ಮನೆಯವರೆಲ್ಲರೂ, ವಿದ್ಯಾರ್ಥಿನಿಲಯವಾದರೆ ಕೊಠಡಿಯವರೆಲ್ಲರೂ, ತುರಿಕೆ ಇರಲಿ ಇಲ್ಲದಿರಲಿ, ಒಂದೇ ದಿನ ಚಿಕಿತ್ಸೆ ಪಡೆಯಬೇಕು. ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, 8ರಿಂದ 14 ಗಂಟೆಗಳ ನಂತರ ತೊಳೆದು, ವಾರದ ಬಳಿಕ ಮತ್ತೊಮ್ಮೆ ಹಚ್ಚುವುದು ರೂಢಿ. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ನುಸಿ ಸತ್ತ ಮೇಲೂ ತುರಿಕೆ ಕೆಲವು ವಾರ ಉಳಿಯಬಹುದೆಂದು ರೋಗಿಗೆ ಮೊದಲೇ ತಿಳಿಸಿರಬೇಕು.

ಸೋರಿಯಾಸಿಸ್‌ನಲ್ಲಿ ಹೊರಚರ್ಮದ 4 ವಾರಗಳ ಪಯಣವು ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಪಕ್ವವಾಗದ ಕೋಶಗಳು ಮೊಣಕೈ, ಮೊಣಕಾಲು, ನೆತ್ತಿಗಳ ಮೇಲೆ ಬೆಳ್ಳಿಯಂತಹ ಹೊಟ್ಟಾಗಿ ಕೂಡಿಕೊಳ್ಳುತ್ತವೆ. ಇದು ಅಂಟುರೋಗವಲ್ಲ.

ಮೂರು ಬಿಳಿ ಮಚ್ಚೆಗಳು

ಬಣ್ಣಗೆಟ್ಟ ಮಚ್ಚೆಯ ಮುಂದೆ ಪದರದ ಪ್ರಶ್ನೆಯು ತನ್ನ ಪೂರ್ಣ ಬೆಲೆಯನ್ನು ತೋರಿಸುತ್ತದೆ.

ಚಿಬ್ಬು ಮೇಲ್ಪದರದ ಶಿಲೀಂಧ್ರದಿಂದ ಬರುತ್ತದೆ. ಎದೆ, ಬೆನ್ನು, ಕುತ್ತಿಗೆಗಳ ಮೇಲಿನ ಮಚ್ಚೆಯನ್ನು ಉಗುರಿನಿಂದ ಕೆರೆದರೆ ನವಿರಾದ ಹೊಟ್ಟು ಏಳುತ್ತದೆ.

ತೊನ್ನಿನಲ್ಲಿ ತಳಪದರದ ವರ್ಣಕೋಶಗಳು ನಾಶವಾಗಿರುತ್ತವೆ. ಮಚ್ಚೆ ಸುಣ್ಣದಂತೆ ಬೆಳ್ಳಗಿದ್ದು ನುಣುಪಾಗಿರುತ್ತದೆ, ಸ್ಪರ್ಶಜ್ಞಾನಕ್ಕೆ ಕೊರತೆಯಿಲ್ಲ. ಇದೂ ಅಂಟುವುದಿಲ್ಲ. ಇದನ್ನು ಕುಷ್ಠವೆಂದು ಭಾವಿಸಿ ದೂರವಿಡುವುದು ಅಜ್ಞಾನ.

ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದನು. ಇದು ನರಗಳನ್ನು ಆಶ್ರಯಿಸುತ್ತದೆ. ಆದುದರಿಂದ ಮಚ್ಚೆ ಮಾಸಲು ಬಣ್ಣದ್ದಾಗಿ, ಒಣಗಿ, ಬೆವರು ಕೂದಲುಗಳು ಕಡಿಮೆಯಾಗಿ, ಸ್ಪರ್ಶ ಕುಂದಿರುತ್ತದೆ. ರೋಗಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಸಹಜ ಚರ್ಮವನ್ನೂ ಮುಟ್ಟಿ, ಎಲ್ಲಿ ಮುಟ್ಟಿದೆವೆಂದು ಕೇಳಬೇಕು. ಮೊಣಕೈಯ ಹಿಂಬದಿಯ ಅಲ್ನಾರ್ ನರ ದಪ್ಪಗಾಗಿದೆಯೇ ಎಂದು ತಡವಿ ನೋಡಬೇಕು. ಮುಖದಲ್ಲಿ ನರಗಳು ಹೇರಳವಾದ್ದರಿಂದ ಅಲ್ಲಿಯ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು. ಅಷ್ಟರಿಂದಲೇ ರೋಗವಿಲ್ಲವೆಂದು ತೀರ್ಮಾನಿಸಲಾಗದು.

ಈ ರೋಗಕ್ಕೆ ಬಹುಔಷಧ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ರೋಗದ ಬಗೆಯನ್ನು ಅನುಸರಿಸಿ 6 ಅಥವಾ 12 ತಿಂಗಳು ತೆಗೆದುಕೊಂಡರೆ ಗುಣವಾಗುತ್ತದೆ. ಆದರೆ ಸೂಕ್ಷ್ಮಾಣು ಸತ್ತರೂ, ಬಹುಕಾಲ ಕೆಟ್ಟುಹೋದ ನರ ಮರಳಿ ಬರುವುದು ಕಷ್ಟ. ಮೊದಲ ದಿನವೇ ಹತ್ತಿಯ ಎಳೆಯಿಂದ ಕಂಡುಕೊಳ್ಳಬಹುದಾಗಿದ್ದ ರೋಗವನ್ನು ಚಿಬ್ಬೆಂದು ಬಗೆದು ವರ್ಷ ಕಳೆದರೆ, ಕೈಬೆರಳು ಮಡಚಿಕೊಂಡು, ಅಂಗಾಲಿನಲ್ಲಿ ನೋವಿಲ್ಲದ ಹುಣ್ಣಾಗಿ, ದುಡಿದು ತಿನ್ನುವವನು ಪರಾಧೀನನಾಗುತ್ತಾನೆ.

ಬೆಳಕಿನಲ್ಲಿ ನೋಡುವುದು, ಕೈಯಿಂದ ಮುಟ್ಟುವುದು, ಸ್ಪರ್ಶವನ್ನು ಪರೀಕ್ಷಿಸುವುದು, ಮನೆಯವರ ಆರೋಗ್ಯವನ್ನು ವಿಚಾರಿಸುವುದು: ಇಷ್ಟಕ್ಕೆ ಐದು ನಿಮಿಷ ಸಾಕು, ಯಾವ ದುಬಾರಿ ಯಂತ್ರವೂ ಬೇಡ. ಚರ್ಮರೋಗಿಯು ಔಷಧಕ್ಕಾಗಿ ಬರುವಷ್ಟೇ ತನ್ನನ್ನು ಅಸಹ್ಯಪಡದೆ ಮುಟ್ಟುವ ಕೈಗಾಗಿಯೂ ಬರುತ್ತಾನೆ. ಆ ಮುಟ್ಟುವಿಕೆಯೇ ಸರಿಯಾದ ರೋಗನಿದಾನದ ಮೊದಲ ಹೆಜ್ಜೆಯೂ ಹೌದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.