ಎಣ್ಣೆ ಕಾಯಿಸೋದು ಸುಲಭ, ಟ್ಯಾಂಕ್ ಕಾಯಿಸೋದು ಕಷ್ಟ

ಬಾಣಲೆಗೆ ಎಣ್ಣೆ ಸುರಿದಾಗ ಮೊದಲು ಮಂದವಾಗಿ ಹರಡುತ್ತೆ. ಎರಡು ನಿಮಿಷ ಉರಿ ಕೊಟ್ಟು ಬಾಣಲೆ ಓರೆ ಮಾಡಿದರೆ ನೀರಿನ ಹಾಗೆ ಓಡಾಡುತ್ತೆ. ಅಡುಗೆ ಎಣ್ಣೆಯಲ್ಲಿ ಡೀಸೆಲ್ ಕಾರು ಓಡಿಸೋ ವಿದ್ಯೆ ಇಷ್ಟೇ ಅಂತ ನಮ್ಮ ಮಿನಿ ಪ್ರಾಜೆಕ್ಟ್ ತಂಡ ಅಂದ್ಕೊಂಡಿತ್ತು.

ವಿಷಯ ಹೊಸದೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಚಿಕ್ಕ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಅಮೆರಿಕ, ಜರ್ಮನಿಗಳಲ್ಲಿ ಹವ್ಯಾಸಿಗಳು ಹೆಚ್ಚಾಗಿ ಆರಿಸಿಕೊಂಡದ್ದು 1976ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯೂ123 ಸರಣಿಯ ಡೀಸೆಲ್ ಕಾರುಗಳನ್ನು. ಅದರಲ್ಲಿ ಇಂಧನ ನೇರವಾಗಿ ಸಿಲಿಂಡರಿಗೆ ಬೀಳಲ್ಲ, ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುತ್ತೆ. ಹಾಗಾಗಿ ಸ್ವಲ್ಪ ಒರಟು ಇಂಧನವನ್ನೂ ಸಹಿಸಿಕೊಳ್ಳುತ್ತೆ. ಇವತ್ತಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಪ್ರಯೋಗ ಮಾಡೋಕೆ ಹೋಗಬೇಡಿ, ಅದರ ಇಂಜೆಕ್ಟರ್ ಇಷ್ಟು ಸಹಿಸಲ್ಲ.

ಇನ್ನು ಕಾಯಿಸೋದು ಯಾಕೆ? 40 ಡಿಗ್ರಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದ್ರೆ ವಿಸ್ಕಾಸಿಟಿ, 2ರಿಂದ 4.5 ಸೆಂಟಿಸ್ಟೋಕ್. ಅದೇ ಉಷ್ಣತೆಯಲ್ಲಿ ಸೂರ್ಯಕಾಂತಿ ಎಣ್ಣೆಯದು 30ಕ್ಕೂ ಹೆಚ್ಚು. ನಮ್ಮ ಹೊಂಗೆ ಎಣ್ಣೆ ಅದಕ್ಕಿಂತಲೂ ಮಂದ. ಸೂರ್ಯಕಾಂತಿ ಎಣ್ಣೆಯನ್ನು 80 ಡಿಗ್ರಿಗೆ ತಂದರೆ 12ರ ಆಸುಪಾಸಿಗೆ ಇಳಿಯುತ್ತೆ. ಆಗಲೂ ಡೀಸೆಲ್‌ನಷ್ಟು ತೆಳು ಅಲ್ಲ ಅನ್ನೋದು ನೆನಪಿರಲಿ. ತಣ್ಣನೆ ಎಣ್ಣೆ ಹಾಕಿದರೂ ಎಂಜಿನ್ ಓಡುತ್ತೆ, ಮೋಸ ಇರೋದೇ ಅಲ್ಲಿ. ಸ್ಪ್ರೇ ಆಗಬೇಕಾದದ್ದು ದಪ್ಪ ಹನಿಗಳಾಗಿ ಬೀಳುತ್ತೆ, ಪೂರ್ತಿ ಉರಿಯಲ್ಲ. ಇಂಜೆಕ್ಟರ್ ತುದಿಯಲ್ಲಿ ಇದ್ದಿಲು ಕಟ್ಟುತ್ತೆ, ಪಿಸ್ಟನ್ ರಿಂಗುಗಳು ಅಂಟಿಕೊಳ್ಳುತ್ತವೆ. ಉಳಿದದ್ದು ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿದು, ಅದನ್ನೂ ಗಟ್ಟಿ ಮಾಡುತ್ತೆ. ಮೊದಲ ದಿನ ಏನೂ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಎಂಜಿನ್ ಬಿಚ್ಚಬೇಕಾಗಿರುತ್ತೆ.

ನಾವು ಹಾಕಿದ ಪ್ಲಾನ್: 40 ಲೀಟರ್ ಟ್ಯಾಂಕಿನೊಳಗೆ ಬ್ಯಾಟರಿಯಿಂದ ನಡೆಯೋ ಹೀಟರ್. ಲ್ಯಾಬಿನ ಇನ್‌ಸ್ಟ್ರಕ್ಟರ್ ಡ್ರಾಯಿಂಗ್ ನೋಡಿ, "ಲೆಕ್ಕ ಹಾಕಿದ್ರೇನ್ರೋ?" ಅಂದರು. ಹಾಕಿರಲಿಲ್ಲ. ಅಲ್ಲೇ ಕೂತು ಹಾಕಿದೆವು. 40 ಲೀಟರ್ ಅಂದ್ರೆ ಸುಮಾರು 37 ಕೆಜಿ. ವಿಶಿಷ್ಟೋಷ್ಣ 2 ಕಿಲೋಜೂಲ್ ಅಂತ ಇಟ್ಟುಕೊಂಡರೆ, 30ರಿಂದ 80 ಡಿಗ್ರಿಗೆ ತರೋಕೆ 3,700 ಕಿಲೋಜೂಲ್ ಬೇಕು. 12 ವೋಲ್ಟ್, 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಪೂರ್ತಿ ಸೋಸಿದರೂ ಸಿಗೋದು ಸುಮಾರು 2,600. "ಟ್ಯಾಂಕ್ ಬಿಸಿ ಆಗೋ ಮುಂಚೆ ನಿಮ್ಮ ಬ್ಯಾಟರಿ ತಣ್ಣಗಾಗಿರುತ್ತೆ," ಅಂದು ಅವರು ಟೀಗೆ ಹೊರಟರು.

ಆಮೇಲೆ ಅದೇ ಲೆಕ್ಕವನ್ನು ತಿರುಗಿಸಿದೆವು. ಕಾರು ಗಂಟೆಗೆ 5 ಲೀಟರ್ ಕುಡಿದರೆ, ಕಾಯಿಸಬೇಕಾದದ್ದೂ ಅಷ್ಟನ್ನೇ ತಾನೆ? 4.6 ಕೆಜಿ, 50 ಡಿಗ್ರಿ, ಒಂದು ಗಂಟೆ. ಉತ್ತರ ಬಂದದ್ದು ಸುಮಾರು 130 ವ್ಯಾಟ್! ನಂಬಿಕೆ ಬರದೆ ಎರಡು ಸಲ ನೋಡಿದೆವು. ಅಷ್ಟು ಇಂಧನ ಉರಿಸೋ ಎಂಜಿನ್ ಕೂಲಂಟ್‌ಗೆ ಬಿಟ್ಟುಕೊಡೋ ಶಾಖ ಹತ್ತು ಕಿಲೋವ್ಯಾಟ್‌ಗೂ ಹೆಚ್ಚು. ಅದರಲ್ಲಿ ಒಂದು ಚಿಟಿಕೆ ಸಾಕು. ಆದ್ದರಿಂದಲೇ ಒಳ್ಳೆಯ ಕನ್ವರ್ಷನ್‌ಗಳಲ್ಲಿ ಬಿಸಿ ಕೂಲಂಟನ್ನು ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸಿ, ಪಂಪ್ ಹತ್ತಿರದಲ್ಲೇ ಎಣ್ಣೆ ಕಾಯಿಸುತ್ತಾರೆ.

ಇಲ್ಲೂ ಒಂದು ತೊಡಕಿದೆ. ಪಂಪಿಗೆ ಬರೋ ಇಂಧನ ಪೂರ್ತಿ ಉರಿಯಲ್ಲ, ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತೆ. ಕಾಯಿಸಿದ್ದನ್ನು ಹಾಗೆ ತಣ್ಣನೆ ಟ್ಯಾಂಕಿಗೆ ಸುರಿದರೆ 130 ವ್ಯಾಟ್ ಲೆಕ್ಕ ಅಲ್ಲೇ ಮುರಿದುಬೀಳುತ್ತೆ. ಅದಕ್ಕೇ ಕೆಲವರು ರಿಟರ್ನನ್ನು ಪಂಪಿನ ಒಳದಾರಿಗೇ ಜೋಡಿಸುತ್ತಾರೆ. ಆಗ ಗಾಳಿಗುಳ್ಳೆ ಸಿಕ್ಕಿಕೊಂಡರೆ ಹೊರಹೋಗೋಕೆ ದಾರಿ ಇರಲ್ಲ, ಎಂಜಿನ್ ಕೆಮ್ಮುತ್ತೆ. ನಮಗೆ ಇದಕ್ಕೆ ಪೂರ್ತಿ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.

ಕೂಲಂಟ್ ಕಾಯೋವರೆಗೆ ಏನು ಮಾಡೋದು? ಎರಡನೇ ಟ್ಯಾಂಕಿನ ಡೀಸೆಲ್. ಅದರಲ್ಲಿ ಸ್ಟಾರ್ಟ್ ಮಾಡಿ, ಕೂಲಂಟ್ 70 ಡಿಗ್ರಿ ದಾಟಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬರಬೇಕು. ನಿಲ್ಲಿಸೋಕೆ ಎರಡು ಮೂರು ನಿಮಿಷ ಮೊದಲೇ ಮತ್ತೆ ಡೀಸೆಲ್‌ಗೆ ಹೋಗಿ ಪೈಪು, ಪಂಪು, ಇಂಜೆಕ್ಟರ್ ತೊಳೆಯಬೇಕು.

ಈ ಕೊನೆಯ ಮಾತು ನಾವು ಓದಿ ಕಲಿತದ್ದಲ್ಲ. ಲ್ಯಾಬಿನ ಸಿಂಗಲ್ ಸಿಲಿಂಡರ್ ಎಂಜಿನ್‌ಗೆ ಬಿಸಿನೀರಿನಲ್ಲಿಟ್ಟು ಕಾಯಿಸಿದ ಸೂರ್ಯಕಾಂತಿ ಎಣ್ಣೆ ಕೊಟ್ಟೆವು. ಚೆನ್ನಾಗಿ ಓಡಿತು. ಖುಷಿಯಲ್ಲಿ ಫೋಟೋ ತೆಗೆದು, ಹಾಗೇ ಆಫ್ ಮಾಡಿ ಊಟಕ್ಕೆ ಹೋದೆವು. ಮರುದಿನ ಬೆಳಿಗ್ಗೆ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ. ಪೈಪು ಬಿಚ್ಚಿ, ತಣ್ಣಗಾದ ಎಣ್ಣೆ ಹೊರತೆಗೆದು, ಇಂಜೆಕ್ಟರ್ ತೊಳೆದು, ಡೀಸೆಲ್ ತುಂಬಿ ಗಾಳಿ ಬಿಡಿಸೋಕೆ ಮಧ್ಯಾಹ್ನ ಆಯ್ತು. ಆವತ್ತು ಆ ಎಂಜಿನ್‌ಗಾಗಿ ಕಾಯ್ತಾ ಇದ್ದ ಫೈನಲ್ ಇಯರ್ ಬ್ಯಾಚ್ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.