ಕಾಲ್ಚೆಂಡಾಟದ ಕೊನೆಯ ಇಪ್ಪತ್ತು ನಿಮಿಷ

ಅಂತರಕಾಲೇಜು ಕಾಲ್ಚೆಂಡಾಟದ ಪಂದ್ಯಗಳನ್ನು ನೋಡಿದವರಿಗೆಲ್ಲ ಒಂದು ದೃಶ್ಯ ಪರಿಚಿತವಾಗಿರಬೇಕು. ಮೊದಲನೆಯ ಅರ್ಧದಲ್ಲಿ ಎರಡು ತಂಡಗಳೂ ಸಮಸಮವಾಗಿ ಹೋರಾಡುತ್ತವೆ. ವಿರಾಮದ ಅನಂತರವೂ ಸ್ವಲ್ಪ ಹೊತ್ತು ಆಟ ಹಾಗೆಯೇ ಸಾಗುತ್ತದೆ. ಆಮೇಲೆ ಒಂದು ತಂಡದ ಆಟ ಕ್ರಮಕ್ರಮವಾಗಿ ನಿಧಾನವಾಗತೊಡಗುತ್ತದೆ. ಚೆಂಡು ಸಿಕ್ಕಿದವನು ಅದನ್ನು ಕಾಲ ಬಳಿಯಲ್ಲಿಯೇ ಇಟ್ಟುಕೊಂಡು ಅತ್ತಿತ್ತ ನೋಡುತ್ತಾನೆ. ಯಾರಿಗೆ ಕೊಡಬೇಕೆಂದು ತೋಚದೆ ಹಿಂದಕ್ಕೆ ಕೊಡುತ್ತಾನೆ, ಇಲ್ಲವೆ ಗುರಿಯಿಲ್ಲದೆ ಮುಂದಕ್ಕೆ ಒದೆಯುತ್ತಾನೆ. ಎದುರಾಳಿಗಳು ಒಂದರ ಮೇಲೊಂದು ಗೋಲು ಹೊಡೆಯುತ್ತಾರೆ. ಮೈದಾನದ ಅಂಚಿನಲ್ಲಿ ನಿಂತವರು "ಸೋಮಾರಿಗಳು! ಓಡುವುದಕ್ಕೇನು ಧಾಡಿ?" ಎಂದು ಕೂಗುತ್ತಾರೆ. ಪಂದ್ಯ ಮುಗಿದ ಮೇಲೆ ಅಧ್ಯಾಪಕರಾದ ನಾವೂ ಅದೇ ಮಾತನ್ನು ತುಸು ನಯವಾಗಿ ಹೇಳಿರುವುದುಂಟು.

ಈ ತೀರ್ಪು ನ್ಯಾಯವಾದುದೆ? ಸೋಮಾರಿತನವು ಗುಣಕ್ಕೆ ಸಂಬಂಧಿಸಿದ ಮಾತು. ದಣಿವಾದರೋ ಅಳೆಯಬಹುದಾದ ಸಂಗತಿ. ಅಳೆಯಬಹುದಾದುದನ್ನು ಅಳೆಯದೆ ಗುಣದ ಮೇಲೆ ತಪ್ಪು ಹೊರಿಸುವುದು ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ಕೆಲಸವಲ್ಲ. ಆದುದರಿಂದ ಆಟ ನಿಧಾನವಾಗುವುದು ಏಕೆ ಎಂಬುದನ್ನು ನಾವೀಗ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂದು ಹಳೆಯ ಪಂದ್ಯ

ಇದು ಕಾಲೇಜು ತಂಡಗಳ ಪಾಡು ಮಾತ್ರವಲ್ಲ. ೧೯೫೬ರಲ್ಲಿ ಮೆಲ್ಬರ್ನ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ತಂಡವು ಆಸ್ಟ್ರೇಲಿಯಾವನ್ನು ೪–೨ ಗೋಲುಗಳಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಅಲ್ಲಿ ಯುಗೋಸ್ಲಾವಿಯದ ಎದುರು ಮೊದಲರ್ಧ ಗೋಲಿಲ್ಲದೆ ಮುಗಿಯಿತು. ವಿರಾಮದ ಬಳಿಕ ಮೊದಲ ಗೋಲು ಹೊಡೆದುದು ಭಾರತದ ನೆವಿಲ್ ಡಿಸೋಜಾ. ಆದರೆ ಅಲ್ಲಿಂದ ಮುಂದಿನ ಅರ್ಧ ಗಂಟೆಯೊಳಗೆ ಯುಗೋಸ್ಲಾವಿಯದ ಪಾಲಿಗೆ ನಾಲ್ಕು ಗೋಲುಗಳು ಬಂದವು. ಕೊನೆಗೆ ಭಾರತಕ್ಕೆ ದೊರೆತುದು ನಾಲ್ಕನೆಯ ಸ್ಥಾನ.

ಆ ಸೋಲಿಗೆ ದಣಿವೊಂದೇ ಕಾರಣವೆಂದು ಹೇಳಲಾಗದು, ಎದುರಾಳಿಗಳು ಬಲಿಷ್ಠರಾಗಿದ್ದರು. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಆ ಕಾಲದಲ್ಲಿ ನಮ್ಮ ದೇಶದೊಳಗಿನ ಪಂದ್ಯಗಳು ಸಾಮಾನ್ಯವಾಗಿ ೭೦ ನಿಮಿಷಗಳವು. ಒಲಿಂಪಿಕ್ ಪಂದ್ಯವಾದರೋ ೯೦ ನಿಮಿಷಗಳದು. ದೇಹವು ಯಾವ ಕೆಲಸಕ್ಕೆ ಪಳಗಿರುತ್ತದೆಯೋ ಆ ಕೆಲಸವನ್ನೇ ಚೆನ್ನಾಗಿ ಮಾಡುತ್ತದೆ. ಎಪ್ಪತ್ತು ನಿಮಿಷಕ್ಕೆ ಪಳಗಿದ ಕಾಲುಗಳಿಗೆ ಮಿಕ್ಕ ಇಪ್ಪತ್ತು ನಿಮಿಷಗಳು ಅಪರಿಚಿತ ಪ್ರದೇಶವಿದ್ದಂತೆ.

ಸರಾಸರಿಯ ಮೋಸ

ಒಬ್ಬ ನುರಿತ ಆಟಗಾರನು ತೊಂಬತ್ತು ನಿಮಿಷಗಳಲ್ಲಿ ಸುಮಾರು ೧೦ರಿಂದ ೧೨ ಕಿಲೋಮೀಟರ್ ದೂರವನ್ನು ಕ್ರಮಿಸುತ್ತಾನೆ. ೧೧ ಕಿಲೋಮೀಟರ್ ಎಂದಿಟ್ಟುಕೊಂಡರೆ ಅವನ ಸರಾಸರಿ ವೇಗವು ಸೆಕೆಂಡಿಗೆ ಸುಮಾರು ೨ ಮೀಟರ್, ಅಂದರೆ ಗಂಟೆಗೆ ೭ ಕಿಲೋಮೀಟರಿಗಿಂತ ತುಸು ಹೆಚ್ಚು. ಬಸ್ಸು ತಪ್ಪೀತೆಂಬ ಅವಸರದಲ್ಲಿ ಹೆಜ್ಜೆ ಹಾಕುವವನ ವೇಗಕ್ಕಿಂತ ಇದು ಬಹಳ ಹೆಚ್ಚಲ್ಲ. ಹಾಗಾದರೆ ಆಟಗಾರನು ದಣಿಯುವುದೇಕೆ?

ಸರಾಸರಿಯು ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಆಟಗಾರನು ಒಂದೇ ಸಮನೆ ಓಡುವುದಿಲ್ಲ. ನಿಲ್ಲುತ್ತಾನೆ, ನಡೆಯುತ್ತಾನೆ, ಥಟ್ಟನೆ ನಾಗಾಲೋಟದಲ್ಲಿ ನುಗ್ಗುತ್ತಾನೆ, ತಿರುಗುತ್ತಾನೆ, ಮತ್ತೆ ನಿಲ್ಲುತ್ತಾನೆ. ೭೦ ಕಿಲೋಗ್ರಾಂ ತೂಕದ ಒಬ್ಬನು ನಿಂತಲ್ಲಿಂದ ಹೊರಟು ಸೆಕೆಂಡಿಗೆ ೭ ಮೀಟರ್ ವೇಗವನ್ನು ಪಡೆಯಲಿ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುವುದಷ್ಟೆ. ಅದು ಇಲ್ಲಿ ೧೭೧೫ ಜೂಲ್. ಇದನ್ನು ಎರಡು ಸೆಕೆಂಡುಗಳಲ್ಲಿ ಪಡೆದರೆ ಅವನ ಸಾಮರ್ಥ್ಯ ೮೫೦ ವಾಟ್‌ಗಿಂತ ಹೆಚ್ಚು, ಎಂದರೆ ಒಂದು ಅಶ್ವಶಕ್ತಿಯನ್ನೂ ಮೀರಿದ್ದು. ಕೈಕಾಲುಗಳ ಬೀಸಾಟಕ್ಕೆ ಬೇಕಾದ ಶಕ್ತಿಯನ್ನು ನಾವಿಲ್ಲಿ ಸೇರಿಸಿಯೇ ಇಲ್ಲ.

ಮುಂದಿನ ಕ್ಷಣ ಅವನು ನಿಲ್ಲಬೇಕಾಯಿತೆನ್ನೋಣ. ಆ ಶಕ್ತಿಯು ಖಜಾನೆಗೆ ಹಿಂದಿರುಗುವುದಿಲ್ಲ. ಅದರ ಬಹುಭಾಗ ಉಷ್ಣವಾಗಿ ಕಳೆದುಹೋಗುತ್ತದೆ. ಮತ್ತೆ ಹೊರಡುವಾಗ ಪೂರ್ತಿ ಬೆಲೆಯನ್ನು ಹೊಸದಾಗಿ ತೆರಬೇಕು. ಸ್ನಾಯುಗಳ ದಕ್ಷತೆಯೂ ಶೇಕಡಾ ೨೦ರಿಂದ ೨೫ರಷ್ಟು ಮಾತ್ರ. ಆದಕಾರಣ ಆ ೧೭೧೫ ಜೂಲ್‌ಗಾಗಿ ದೇಹವು ಸುಮಾರು ೭೦೦೦ ಜೂಲ್ ಅಥವಾ ಅದಕ್ಕೂ ಹೆಚ್ಚು ರಾಸಾಯನಿಕ ಶಕ್ತಿಯನ್ನು ವ್ಯಯಮಾಡಬೇಕಾಗುತ್ತದೆ.

ಚೆಂಡಿನ ಬೆಲೆ, ದೇಹದ ಬೆಲೆ

ಈಗ ಚೆಂಡಿನ ಲೆಕ್ಕವನ್ನೂ ನೋಡೋಣ. ನಿಯಮದಂತೆ ಚೆಂಡಿನ ತೂಕ ೪೧೦ರಿಂದ ೪೫೦ ಗ್ರಾಂ. ೪೩೦ ಗ್ರಾಂ ಚೆಂಡನ್ನು ಸೆಕೆಂಡಿಗೆ ೧೫ ಮೀಟರ್ ವೇಗದಲ್ಲಿ ಗೆಳೆಯನ ಕಡೆಗೆ ಒದೆದರೆ ಅದರ ಚಲನಶಕ್ತಿ ಸುಮಾರು ೪೮ ಜೂಲ್. ಎಂದರೆ ಮನುಷ್ಯನ ದೇಹವನ್ನು ಸೆಕೆಂಡಿಗೆ ೭ ಮೀಟರ್ ವೇಗಕ್ಕೆ ತರುವ ಶಕ್ತಿಯಿಂದ ಚೆಂಡನ್ನು ಅದರ ಎರಡರಷ್ಟು ವೇಗದಲ್ಲಿ ಮೂವತ್ತೈದು ಬಾರಿ ಕಳುಹಿಸಬಹುದು!

ಹಾಗಿದ್ದರೆ ದಣಿದ ತಂಡವು ತಾನು ಓಡುವುದನ್ನು ಬಿಟ್ಟು ಚೆಂಡನ್ನೇ ಏಕೆ ಓಡಿಸಬಾರದು? ಪ್ರಶ್ನೆ ಸಹಜವಾದುದು. ಉತ್ತರವೂ ಸರಳ: ಚೆಂಡನ್ನು ಕೊಡಬೇಕಾದರೆ ತೆಗೆದುಕೊಳ್ಳುವವನು ಸರಿಯಾದ ಜಾಗದಲ್ಲಿ ಇರಬೇಕು. ಎದುರಾಳಿಯ ನೆರಳಿನಲ್ಲಿ ನಿಂತವನಿಗೆ ಚೆಂಡು ಕೊಟ್ಟು ಪ್ರಯೋಜನವಿಲ್ಲ. ಒಬ್ಬನು ಪಾಸು ಕೊಡುವ ಮೊದಲೇ ಇಬ್ಬರೋ ಮೂವರೋ ಖಾಲಿ ಜಾಗಕ್ಕೆ ಓಡಿರಬೇಕು. ಅವರಲ್ಲಿ ಚೆಂಡು ಸಿಗುವುದು ಒಬ್ಬನಿಗೆ ಮಾತ್ರ. ಉಳಿದವರ ಓಟವು ನೋಡುವವರ ಕಣ್ಣಿಗೆ ವ್ಯರ್ಥ. ದಣಿದ ತಂಡದಲ್ಲಿ ಮೊದಲು ನಿಂತುಹೋಗುವುದು ಈ 'ವ್ಯರ್ಥ'ವಾದ ಓಟವೇ.

ಅದರ ಫಲವನ್ನು ಅಂಕೆಗಳಲ್ಲಿ ಕಾಣಬಹುದು. ೨೦ ಮೀಟರ್ ದೂರದ ಗೆಳೆಯನಿಗೆ ಸೆಕೆಂಡಿಗೆ ೧೫ ಮೀಟರ್ ವೇಗದಲ್ಲಿ ಕೊಟ್ಟ ಚೆಂಡು ಸುಮಾರು ೧.೩ ಸೆಕೆಂಡಿನಲ್ಲಿ ತಲುಪುತ್ತದೆ. ಎದುರಾಳಿಯು ಕಂಡು ಹೊರಡಲು ಕಾಲು ಸೆಕೆಂಡು ಹಿಡಿಯಿತೆಂದೂ ಆಮೇಲೆ ಸೆಕೆಂಡಿಗೆ ೫ ಮೀಟರ್‌ನಂತೆ ಓಡಿದನೆಂದೂ ಭಾವಿಸಿದರೆ, ಅಷ್ಟರಲ್ಲಿ ಅವನು ಕ್ರಮಿಸುವ ದೂರ ಸುಮಾರು ೫ ಮೀಟರ್. ಆದರೆ ಚೆಂಡು ಇಟ್ಟುಕೊಂಡವನು ಕೊಡಲು ಯಾರೂ ಕಾಣದೆ ಎರಡೇ ಸೆಕೆಂಡು ತಡಮಾಡಿದರೆ, ಎದುರಾಳಿಗೆ ಇನ್ನೂ ೧೦ ಮೀಟರ್ ದೊರೆಯಿತು; ಒಟ್ಟು ೧೫ ಮೀಟರ್. ಇದ್ದ ಬಾಗಿಲೂ ಮುಚ್ಚಿತು. ನೋಡುವವರು ಚೆಂಡು ಇಟ್ಟುಕೊಂಡವನನ್ನು ಬೈಯುತ್ತಾರೆ. ನಿಜವಾಗಿ ದಣಿದಿರುವವರು ಅವನ ಸುತ್ತಲಿನ ಹತ್ತು ಮಂದಿ. ನಿಧಾನವಾದ ಆಟವೆಂದರೆ ನಿಧಾನವಾದ ಚೆಂಡಲ್ಲ, ಓಡದ ಗೆಳೆಯರು.

ಸ್ನಾಯುವಿನ ಖಜಾನೆ

ಸ್ನಾಯುಗಳಿಗೆ ಒಡನೆ ಒದಗುವ ಶಕ್ತಿಯು ಎ.ಟಿ.ಪಿ. ಎಂಬ ಸಂಯುಕ್ತದಲ್ಲಿದೆ. ಅದರ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಸಂಯುಕ್ತವು ಅದನ್ನು ತುಂಬಿಕೊಡುತ್ತಿರುತ್ತದೆ. ಅದೂ ಬಿರುಸಾದ ಓಟದಲ್ಲಿ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಬಹುಮಟ್ಟಿಗೆ ಖರ್ಚಾಗುತ್ತದೆ. ಖರ್ಚಾದುದರ ಅರ್ಧದಷ್ಟು ಸುಮಾರು ಅರ್ಧ ನಿಮಿಷದಲ್ಲಿ ಮರಳಿ ತುಂಬುತ್ತದೆ. ಪೂರ್ತಿ ತುಂಬಲು ಕೆಲವು ನಿಮಿಷಗಳು ಬೇಕು. ಈ ತುಂಬುವ ಕೆಲಸ ನಡೆಯುವುದು ಆಮ್ಲಜನಕದ ನೆರವಿನಿಂದ. ಆದಕಾರಣ ಹೃದಯ, ಶ್ವಾಸಕೋಶ, ರಕ್ತನಾಳಗಳು ಎಷ್ಟು ಪಳಗಿವೆಯೋ ಅಷ್ಟು ಬೇಗ ಆಟಗಾರನು ಎರಡನೆಯ ಓಟಕ್ಕೆ ಸಿದ್ಧನಾಗುತ್ತಾನೆ. ಕಾಲ್ಚೆಂಡಾಟದಲ್ಲಿ ದೇಹದಾರ್ಢ್ಯವೆಂದರೆ ಒಮ್ಮೆ ವೇಗವಾಗಿ ಓಡುವ ಶಕ್ತಿಯಷ್ಟೇ ಅಲ್ಲ. ಓಡಿ ಬಂದು ಬೇಗ ಚೇತರಿಸಿಕೊಂಡು ಮತ್ತೆ ಓಡುವ ಶಕ್ತಿ. ದಣಿವಿಗೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಹಳೆಯ ಪಾಠವನ್ನು ಇಂದಿನ ಶರೀರಶಾಸ್ತ್ರಜ್ಞರು ಅಷ್ಟು ಸರಳವಾಗಿ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ದೀರ್ಘಕಾಲದ ಖರ್ಚಿಗೆ ಗ್ಲೈಕೋಜನ್ ಎಂಬ ಇನ್ನೊಂದು ಖಜಾನೆಯಿದೆ. ನಾವು ತಿಂದ ಅನ್ನ, ರಾಗಿ, ಜೋಳಗಳ ಪಿಷ್ಟವೇ ಗ್ಲೂಕೋಸಾಗಿ ಬಂದು ಈ ರೂಪದಲ್ಲಿ ಸ್ನಾಯುಗಳಲ್ಲಿ ಶೇಖರವಾಗುತ್ತದೆ. ಸ್ವೀಡನ್ನಿನ ಶರೀರಶಾಸ್ತ್ರಜ್ಞ ಬೆಂಗ್ಟ್ ಸಾಲ್ಟಿನ್ ೧೯೭೩ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಕಡಿಮೆ ಗ್ಲೈಕೋಜನ್‌ನೊಂದಿಗೆ ಆಟಕ್ಕಿಳಿದವರು ಕಡಿಮೆ ದೂರ ಕ್ರಮಿಸಿದರೆಂದೂ ಹೆಚ್ಚು ಕಾಲ ಬರಿಯ ನಡಿಗೆಯಲ್ಲಿಯೇ ಕಳೆದರೆಂದೂ ಕಂಡುಬಂದಿತು.

ಇದನ್ನು ಓದಿದಾಗ ನಮಗೆ ನಮ್ಮ ಒಬ್ಬ ವಿದ್ಯಾರ್ಥಿಯ ನೆನಪಾಯಿತು. ಪಂದ್ಯವೊಂದರ ಕೊನೆಯ ಭಾಗದಲ್ಲಿ ಅವನು ಬಲ ಅಂಚಿನಲ್ಲಿ ನಡೆದಾಡುತ್ತಿದ್ದುದನ್ನು ಕಂಡು ನಾವು ಎಲ್ಲರ ಎದುರಿಗೆ ಅವನನ್ನು ಗದರಿಸಿದೆವು. ಅವನು ಎದುರಾಡಲಿಲ್ಲ. ಮೂರು ದಿನ ಕಳೆದ ಮೇಲೆ ಅವನ ಗೆಳೆಯರಿಂದ ತಿಳಿಯಿತು: ಅಂದು ಅವನು ಹಳ್ಳಿಯಿಂದ ಬೆಳಗಿನ ಮೊದಲನೆಯ ಬಸ್ಸಿಗೆ ಬಂದವನು, ಹಿಂದಿನ ರಾತ್ರಿಯ ಊಟದ ಮೇಲೆ ಚಹಾ ಹೊರತು ಬೇರೇನನ್ನೂ ಸೇವಿಸಿರಲಿಲ್ಲ. ಪಂದ್ಯ ನಡೆದುದು ಮಧ್ಯಾಹ್ನ. ಶಕ್ತಿಯ ನಿತ್ಯತೆಯ ನಿಯಮವನ್ನು ತರಗತಿಯಲ್ಲಿ ಪ್ರತಿವರ್ಷ ಬೋಧಿಸುವ ನಾವು ಮೈದಾನದಲ್ಲಿ ಅದನ್ನು ಮರೆತಿದ್ದೆವು.

ಕಾವು ಮತ್ತು ಬೆವರು

ಆಟದ ಮಧ್ಯೆ ದೇಹವು ಸುಮಾರು ೧೦೦೦ ವಾಟ್ ದರದಲ್ಲಿ ಶಕ್ತಿಯನ್ನು ಬಳಸುತ್ತಿದ್ದರೆ, ಅದರಲ್ಲಿ ೮೦೦ ವಾಟ್‌ನಷ್ಟಾದರೂ ಉಷ್ಣವಾಗುತ್ತದೆ. ದೇಹದ ವಿಶಿಷ್ಟೋಷ್ಣವು ಒಂದು ಕಿಲೋಗ್ರಾಮಿಗೆ ಒಂದು ಡಿಗ್ರಿಗೆ ಸುಮಾರು ೩೫೦೦ ಜೂಲ್. ಈ ಉಷ್ಣವೆಲ್ಲ ಒಳಗೇ ಉಳಿದರೆ ೭೦ ಕಿಲೋಗ್ರಾಂ ದೇಹದ ಉಷ್ಣತೆಯು ಐದೇ ನಿಮಿಷಗಳಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರುತ್ತದೆ! ನಮ್ಮನ್ನು ಕಾಪಾಡುವುದು ಮುಖ್ಯವಾಗಿ ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು ೨೪ ಲಕ್ಷ ಜೂಲ್ ಉಷ್ಣವನ್ನು ಕೊಂಡೊಯ್ಯುತ್ತದೆ. ೮೦೦ ವಾಟ್ ಉಷ್ಣವನ್ನು ಬೆವರೊಂದರಿಂದಲೇ ಹೊರಹಾಕಬೇಕಾದರೆ ಗಂಟೆಗೆ ೧.೨ ಲೀಟರ್ ಆವಿಯಾಗಬೇಕು. ಮಂಗಳೂರಿನಂಥ ತೇವದ ಹವೆಯಲ್ಲಿ ಬೆವರು ಆವಿಯಾಗದೆ ಹನಿಯಾಗಿ ತೊಟ್ಟಿಕ್ಕುತ್ತದೆ. ನೀರು ನಷ್ಟ, ತಂಪೂ ಇಲ್ಲ. ಬಿಸಿಲಲ್ಲಿ ಆಡುವವನಿಗೆ ನೀರು ಕೊಡದಿರುವುದು ಶಿಸ್ತಲ್ಲ, ಅಪಾಯ. ೨೦೧೪ರ ವಿಶ್ವಕಪ್ಪಿನಲ್ಲಿ ಅತಿಯಾದ ಸೆಕೆಯಿದ್ದ ಪಂದ್ಯಗಳ ನಡುವೆ ನೀರು ಕುಡಿಯಲೆಂದೇ ಆಟವನ್ನು ನಿಲ್ಲಿಸಿದುದುಂಟು.

ಪರಿಹಾರವೇನು?

ದಣಿವನ್ನು ತರಬೇತಿಯಿಂದ ಹಿಂದಕ್ಕೆ ತಳ್ಳಬಹುದು. ನಾರ್ವೆಯಲ್ಲಿ ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು ತರುಣ ಆಟಗಾರರ ಮೇಲೆ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗವು ಬೋಧಪ್ರದವಾದುದು. ಆಟಗಾರರು ವಾರಕ್ಕೆ ಎರಡು ಬಾರಿಯಂತೆ ಎಂಟು ವಾರ, ನಾಲ್ಕು ನಾಲ್ಕು ನಿಮಿಷಗಳ ನಾಲ್ಕು ಬಿರುಸಾದ ಓಟಗಳನ್ನು ಓಡಿದರು. ಓಟಗಳ ನಡುವೆ ಮೂರು ನಿಮಿಷ ಮೆಲ್ಲನೆ ಓಡುತ್ತಿದ್ದರು. ಇದರ ಬಳಿಕ ಪಂದ್ಯದಲ್ಲಿ ಅವರು ಕ್ರಮಿಸಿದ ದೂರವು ಶೇಕಡಾ ೨೦ರಷ್ಟು ಹೆಚ್ಚಿತು. ನಾಗಾಲೋಟಗಳ ಸಂಖ್ಯೆ ಇಮ್ಮಡಿಯಾಯಿತು. ಅದಕ್ಕಿಂತ ಗಮನಾರ್ಹವಾದುದು, ಚೆಂಡಿನೊಂದಿಗೆ ಅವರು ಪಾಲ್ಗೊಂಡ ಸಂದರ್ಭಗಳು ಶೇಕಡಾ ೨೪ರಷ್ಟು ಹೆಚ್ಚಿದುದು. ಕಾಲುಗಳಿಗೆ ಬಂದ ಕಸುವು ಚೆಂಡಿನ ಆಟವಾಗಿ ಫಲಿಸಿತು.

ನಮ್ಮಲ್ಲಿಯೂ ಇದನ್ನು ಬಲ್ಲವರಿದ್ದರು. ೧೯೫೬ರ ತಂಡದ ತರಬೇತುಗಾರ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಉಪಾಧ್ಯಾಯರು. ದೇಹದಾರ್ಢ್ಯಕ್ಕೂ, ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳದೆ ಒಡನೆ ಸಾಗಿಸುವ ಆಟಕ್ಕೂ ಅವರು ಸಮನಾದ ಮಹತ್ತ್ವ ಕೊಟ್ಟರು. ೧೯೬೨ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಅವರ ತಂಡವು ದಕ್ಷಿಣ ಕೊರಿಯಾವನ್ನು ೨–೧ರಿಂದ ಗೆದ್ದು ಚಿನ್ನದ ಪದಕ ಪಡೆಯಿತು.

ಓದುಗರು ಮಾಡಬಹುದಾದ ಪ್ರಯೋಗಗಳು

ಮೊದಲನೆಯದು: ೩೦ ಮೀಟರ್ ಅಳೆದು ಗೆರೆ ಎಳೆಯಿರಿ. ಮೈ ಬೆಚ್ಚಗಾಗುವಂತೆ ಮೆಲ್ಲನೆ ಓಡಿದ ಮೇಲೆ ಪ್ರತಿಯೊಬ್ಬರೂ ಈ ದೂರವನ್ನು ಆರು ಬಾರಿ ಪೂರ್ಣ ವೇಗದಲ್ಲಿ ಓಡಲಿ. ನಡುವೆ ೨೦ ಸೆಕೆಂಡು ಮಾತ್ರ ವಿಶ್ರಾಂತಿ. ಪ್ರತಿ ಓಟದ ಕಾಲವನ್ನೂ ಬರೆದು ನಕ್ಷೆಕಾಗದದ ಮೇಲೆ ಗುರುತಿಸಿ. ಒಬ್ಬನ ಕಾಲಗಳು ೪.೩, ೪.೫, ೪.೭, ೪.೯, ೫.೦, ೫.೧ ಸೆಕೆಂಡುಗಳೂ, ಇನ್ನೊಬ್ಬನವು ೪.೬, ೪.೬, ೪.೭, ೪.೭, ೪.೮, ೪.೮ ಸೆಕೆಂಡುಗಳೂ ಆದವೆನ್ನೋಣ. ಒಂದೇ ಓಟ ನೋಡಿ ಆರಿಸುವವರು ಮೊದಲನೆಯವನನ್ನು ಆರಿಸುತ್ತಾರೆ. ಆದರೆ ಆರು ಓಟಗಳ ಮೊತ್ತದಲ್ಲಿ ಗೆದ್ದವನು ಎರಡನೆಯವನು. ಮೊದಲನೆಯವನಿಗೆ ಬೇಕಾದುದು ಬೈಗುಳವಲ್ಲ, ಚೇತರಿಕೆಯನ್ನು ಹೆಚ್ಚಿಸುವ ಅಭ್ಯಾಸ.

ಎರಡನೆಯದು: ಪಂದ್ಯವೊಂದರ ಮೊದಲ ಹದಿನೈದು ಮತ್ತು ಕೊನೆಯ ಹದಿನೈದು ನಿಮಿಷಗಳಲ್ಲಿ ನಿಮ್ಮ ತಂಡದವರು ಪ್ರತಿಬಾರಿ ಚೆಂಡನ್ನು ಎಷ್ಟು ಸೆಕೆಂಡು ಇಟ್ಟುಕೊಂಡರೆಂಬುದನ್ನು ಬರೆದಿಡಿ. ಕೊನೆಯಲ್ಲಿ ಈ ಕಾಲ ಹೆಚ್ಚಿದ್ದರೆ, ಚೆಂಡು ಇಟ್ಟುಕೊಂಡವನನ್ನು ಬಿಟ್ಟು ಅವನ ಸುತ್ತಲಿನವರನ್ನು ಗಮನಿಸಿ. ಅವರು ನಿಂತಿದ್ದಾರೆಯೆ, ಓಡುತ್ತಿದ್ದಾರೆಯೆ?

ಬಿರುಬಿಸಿಲಿನಲ್ಲಾಗಲಿ ಜ್ವರವಿರುವಾಗಲಾಗಲಿ ಈ ಓಟಗಳನ್ನು ಮಾಡಕೂಡದು. ಎದೆನೋವು ಅಥವಾ ತಲೆಸುತ್ತು ಕಂಡರೆ ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಾವು ಗದರಿಸಿದ ಆ ವಿದ್ಯಾರ್ಥಿ ಮುಂದೆ ಎರಡು ವಾರ ಮೈದಾನದ ಕಡೆಗೆ ಬರಲಿಲ್ಲ. ನಾವೇ ಹೋಗಿ ಕರೆದೆವು. ಈಗ ಪಂದ್ಯದ ದಿನ ಬೆಳಿಗ್ಗೆ ತಂಡದವರೆಲ್ಲರೂ ವಿದ್ಯಾರ್ಥಿನಿಲಯದಲ್ಲಿ ಒಟ್ಟಿಗೆ ಊಟಮಾಡಿ ಆಟಕ್ಕೆ ಹೊರಡುತ್ತಾರೆ. ತಂಡ ಇನ್ನೂ ಸೋಲುವುದುಂಟು. ಆದರೆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಬಲ ಅಂಚಿನಲ್ಲಿ ಅವನು ಓಡುತ್ತಿರುತ್ತಾನೆ.