ರೊಟ್ಟಿ ಬಡಿಯುವ ಹೊತ್ತಿನ ಓದು

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಹಳ್ಳಿಗೆ ಮಾಸ್ತರಾಗಿ ಹೋದ ಮೊದಲ ಜೂನ್‌ನಲ್ಲಿ ನಾನು ಎಲ್ಲ ಮಕ್ಕಳ ಮನೆಗೂ ಒಂದೊಂದು ವೇಳಾಪಟ್ಟಿ ಕಳಿಸಿದೆ. ಬೆಳಿಗ್ಗೆ ಐದಕ್ಕೆ ಏಳುವುದು, ಆರರವರೆಗೆ ಓದು, ಸಂಜೆ ಏಳರಿಂದ ಎಂಟೂವರೆವರೆಗೆ ಮತ್ತೆ ಓದು-ಬರಹ. ರಾತ್ರಿ ಕೂತು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಕೆಳಗೆ ಪಾಲಕರ ಸಹಿಗೆ ಜಾಗ ಬಿಟ್ಟು, ಅಷ್ಟೂ ಹಾಳೆ ನಾನೇ ಬರೆದಿದ್ದೆ. ಹದಿನೈದು ದಿನ ಕಳೆದು ಮನೆ ಮನೆಗೆ ಹೋದೆ. ಒಂದು ಮನೆಯಲ್ಲಿ ಆ ಹಾಳೆ ದೇವರ ಜಗಲಿಯ ಮೇಲೆ, ಫೋಟೊದ ಹಿಂದೆ ಭದ್ರವಾಗಿತ್ತು. “ಮಾಸ್ತರ್ ಕೊಟ್ಟಿದ್ದು ಅಂತ ತೆಗೆದಿಟ್ಟೀನ್ರಿ” ಅಂದಳು ಅಜ್ಜಿ. ಹುಡುಗ ಹೊಲದಲ್ಲಿದ್ದ. ಮಿರಗದ ಮಳೆ ಬಿದ್ದು ಹೆಸರು, ಉದ್ದು, ತೊಗರಿ ಬಿತ್ತುವ ಹಂಗಾಮು ಶುರುವಾಗಿತ್ತು. ಹಾಳೆಯ ತುಂಬ ಗಂಟೆ ನಿಮಿಷ ಬರೆದುಕೊಟ್ಟಿದ್ದೆ. ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲ.

ಆದರೆ ಆ ಮನೆಗೆ ತನ್ನದೇ ಹೊತ್ತುಗಳಿದ್ದವು. ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು, ರೊಟ್ಟಿ ಬಡಿಯುವ ಹೊತ್ತು. ಬಿತ್ತನೆಯಿರಲಿ, ರಾಶಿಯಿರಲಿ, ಇವು ತಪ್ಪುತ್ತಿರಲಿಲ್ಲ. ಇದನ್ನು ನನಗೆ ತೋರಿಸಿಕೊಟ್ಟವಳು ಅಕ್ಷರ ಬಾರದ ಒಬ್ಬ ತಾಯಿ.

ಅದೇ ಊರಿನಲ್ಲಿ ಒಂದು ಸಂಜೆ ಒಂದನೇ ತರಗತಿ ಹುಡುಗಿಯ ಮನೆ ಬಾಗಿಲಲ್ಲಿ ನಿಂತಿದ್ದೆ. ಕರೆಂಟ್ ಹೋಗಿತ್ತು. ತಾಯಿ ಒಲೆ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಒಲೆಯ ಬೆಳಕು ಬೀಳುವ ಕಡೆ ಮಗ್ಗುಲಾಗಿ ಕೂತು, ಪಾಟಿ ತೊಡೆಯ ಮೇಲಿಟ್ಟುಕೊಂಡು ಗ, ಗಾ, ಗಿ, ಗೀ ಎಂದು ಜೋರಾಗಿ ಹೇಳುತ್ತ ಬರೆಯುತ್ತಿದ್ದಳು. ಅಂಗೈಯ ಪಟಪಟ ಸಪ್ಪಳ, ಅದರ ಮೇಲೆ ಹುಡುಗಿಯ ದನಿ. ದನಿ ನಿಂತರೆ ತಾಯಿ ತಲೆ ಎತ್ತದೆ, ಕೈ ನಿಲ್ಲಿಸದೆ, “ಹೂಂ, ಮುಂದ?” ಅನ್ನುತ್ತಿದ್ದಳು. ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿ ಸುಟ್ಟು ಬುಟ್ಟಿಗೆ ಹಾಕುವಷ್ಟರಲ್ಲಿ ಹುಡುಗಿ ಒಂದು ಸಾಲು ಬರೆದು ತೋರಿಸಬೇಕು.

“ಹನ್ನೆರಡು ರೊಟ್ಟಿ, ಹನ್ನೆರಡು ಸಾಲ್ರಿ ಸರ” ಅಂದಳು. ಬರೆದದ್ದು ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. “ನನಗೇನ್ ತಿಳೀತದ್ರಿ? ತಪ್ಪಿದ್ರ ನೀವು ತಿದ್ತೀರಿ. ಅಕಿ ಸುಮ್ಮಾದ್ರ ಮಾತ್ರ ನನಗ ಗೊತ್ತಾಗ್ತದ.”

ಓದಿನ ರೂಢಿಯ ಬಗ್ಗೆ ತರಬೇತಿಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಆ ಒಲೆ ಮುಂದೆ ಕೇಳಿದ ಮಾತಿಗೆ ಅವು ಯಾವುವೂ ಸಮ ಬರಲಿಲ್ಲ. ಮಗುವಿಗೆ ಬೇಕಾದದ್ದು ಒಂದು ಗೊತ್ತಾದ ಜಾಗ, ದಿನಾ ತಪ್ಪದೆ ನಡೆಯುವ ಒಂದು ಕೆಲಸದ ಆಸರೆ, ಮತ್ತು ಕಿವಿ ಕೊಡುವ ಒಬ್ಬರು. ಆ ಒಬ್ಬರಿಗೆ ಓದು ಬರಲೇಬೇಕೆಂದಿಲ್ಲ.

ಮರುವರ್ಷದಿಂದ ವೇಳಾಪಟ್ಟಿ ಬಿಟ್ಟೆ. ಜೂನ್‌ನ ಪಾಲಕರ ಸಭೆಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಮನೆಯಲ್ಲಿ ಏನೇ ಆದರೂ ತಪ್ಪದ ಕೆಲಸ ಯಾವುದು? ಒಬ್ಬರು ಎಮ್ಮೆ ಹಿಂಡುವುದು ಅಂದರು. ಒಬ್ಬ ಅಜ್ಜ, ಮಗ್ರಿಬ್ ನಮಾಜ್ ಮುಗಿಸಿ ಬಂದು ಕಟ್ಟೆ ಮೇಲೆ ಕೂಡುವುದು ಅಂದ. ಕಿರಾಣಿ ಅಂಗಡಿಯವರಿಗೆ ರಾತ್ರಿ ಲೆಕ್ಕ ಬರೆಯುವ ಹೊತ್ತು. ಮಗು ಆಗ ಅಲ್ಲಿಯೇ ಕೂಡಬೇಕು, ಒಂದನೇ ಎರಡನೇ ತರಗತಿಯವರಾದರೆ ಹದಿನೈದು ನಿಮಿಷ ಸಾಕು, ಅಷ್ಟೇ ಹೇಳುತ್ತಿದ್ದೆ. ಆರು ವರ್ಷದ ಕೂಸಿಗೆ ಸಂಜೆಗೇ ಒಂದೂವರೆ ತಾಸು ಅಂತ ಬರೆದುಕೊಟ್ಟಿದ್ದ ನನ್ನ ಆ ಹಳೆಯ ಹಾಳೆ ನೆನಪಾದರೆ ಈಗಲೂ ಬೇಸರವಾಗುತ್ತದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ಎರಡು ದಿನ ಬರೆದು ತರದ ಮಕ್ಕಳನ್ನು ಎಲ್ಲರ ಮುಂದೆ ನಿಲ್ಲಿಸುತ್ತಿದ್ದೆ. ಕಾರಹುಣ್ಣಿಮೆ ಹಬ್ಬದ ಮರುದಿನ ಅರ್ಧ ತರಗತಿ ನಿಂತಿರುತ್ತಿತ್ತು, ನಿಂತವರಲ್ಲಿ ಕೆಲವರು ಆಮೇಲೆ ಬರೆಯುವುದನ್ನೇ ಬಿಟ್ಟರು. ಬಹಳ ವರ್ಷಗಳ ಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ್ದು. ಒಂದು ಕೆಲಸ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತಂತೆ, ಕೆಲವರಿಗೆ 18 ದಿನವೇ ಸಾಕಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೆಡಲಿಲ್ಲ. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ, ಮಕ್ಕಳಿಗೆ ಹಾಗೇ ಹೊಂದಿಸಲಾಗದು. ಆದರೂ ಎಣಿಸಿ ನೋಡಿದೆ: ಜೂನ್ ಒಂದರಿಂದ 66 ದಿನ ಅಂದರೆ ಆಗಸ್ಟ್ ಮೊದಲ ವಾರ, ನಾಗರ ಪಂಚಮಿಯ ಆಸುಪಾಸು. ನನ್ನ ತರಗತಿಗಳು ಒಂದು ಹದಕ್ಕೆ ಬರುತ್ತಿದ್ದದ್ದೂ ಆಗಲೇ. ಹುಣ್ಣಿಮೆಗೆ ತಪ್ಪಿದ ಮಗುವಿಗೆ ಈಗ ಒಂದೇ ಮಾತು ಹೇಳುತ್ತೇನೆ: ಇವತ್ತು ಕೂಡು.

ಅಫಜಲಪುರಕ್ಕೆ ವರ್ಗವಾದಾಗ ಶಾಲೆಗಳಿಗೆ ನಲಿ-ಕಲಿ ಬಂದಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ಬಂತು. ಅದರ ಬಗ್ಗೆ ಮಾಸ್ತರರಲ್ಲಿ ಎರಡು ಅಭಿಪ್ರಾಯವಿದೆ, ಆ ವಾದಕ್ಕೆ ಇಲ್ಲಿ ಹೋಗುವುದಿಲ್ಲ. ನನಗೆ ಅದರಲ್ಲಿ ಕಂಡ ದೊಡ್ಡ ಗುಣ ಒಂದೇ: ಮಗು ಗೋಡೆಯ ಕಲಿಕೆಯ ಏಣಿ ನೋಡಿ ತನ್ನ ಮೈಲಿಗಲ್ಲು ಯಾವುದೆಂದು ತಾನೇ ತಿಳಿದು, ಟ್ರೇಯಿಂದ ತನ್ನ ಕಾರ್ಡು ತಾನೇ ತೆಗೆದು, ತನ್ನ ಗುಂಪಿನ ತಟ್ಟೆಗೆ ಹೋಗಿ ಕೂತು, ಮುಗಿಸಿ, ಕಾರ್ಡನ್ನು ಮತ್ತೆ ಅದೇ ಜಾಗಕ್ಕೆ ಇಡುತ್ತದೆ. ಜೂನ್ ಪೂರ್ತಿ ನಾನು ಕಲಿಸುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ಅಕ್ಷರ ಹಿಂದೆ ಬಿತ್ತು ಅಂತ ಯಾರಾದರೂ ಅಂದರೆ ಸುಮ್ಮನಿರುತ್ತಿದ್ದೆ. ತನ್ನ ಕಾರ್ಡು ತಾನೇ ತೆಗೆಯಲು ಬಂದ ಮಗುವಿಗೆ ಅಕ್ಷರ ಕಲಿಸುವುದು ಕಷ್ಟವಲ್ಲ.

ತಾನೇ ಕೂತು ಮಾಡುವ ಈ ರೂಢಿಯ ಬೆಲೆ ತಿಳಿದದ್ದು ದೀಪಾವಳಿ ಆದ ಮೇಲೆ. ಭೀಮಾ ದಂಡೆಯಲ್ಲಿ ಕಬ್ಬಿದೆ, ನೀರಿದೆ. ಒಣ ಬೇಸಾಯದವರಿಗೆ ಮಾತ್ರ ಹೊಟ್ಟೆಪಾಡಿಗೆ ಪುಣೆ, ಮುಂಬೈ. ಮನೆಗೆ ಬೀಗ ಬೀಳುತ್ತಿತ್ತು, ಮಕ್ಕಳೂ ಹೋಗುತ್ತಿದ್ದರು. ಒಂದು ವರ್ಷ ಮೂರನೇ ತರಗತಿಯಿಂದ ನಾಲ್ವರು ಹೋದರು. ನಾಲ್ವರಿಗೂ ಒಂದೊಂದು ನೋಟ್‌ಬುಕ್ ಕೊಟ್ಟು, ದಿನಕ್ಕೆ ಒಂದೇ ಸಾಲು ಬರೀರಿ, ಏನಾದರೂ ಬರೀರಿ ಅಂದೆ. ಯುಗಾದಿ ಹೊತ್ತಿಗೆ ಮೂವರು ತಿರುಗಿ ಬಂದರು. ಇಬ್ಬರ ನೋಟ್‌ಬುಕ್ ಖಾಲಿ. ಮೂರನೆಯವನ ನೋಟ್‌ಬುಕ್ಕಿನಲ್ಲಿ ಪುಟ ಪುಟ ಲಾರಿ ನಂಬರ್. ಎಂಎಚ್ 12, ಎಂಎಚ್ 12, ನಡುವೆ ಒಂದು ಕೆಎ 32. ಕಟ್ಟಡದ ಕೆಲಸಕ್ಕೆ ಉಸುಕು ತರುವ ಲಾರಿಗಳು. ಪ್ರತಿ ನಂಬರಿನ ಅಂಕಿಗಳನ್ನು ಕೂಡಿಸಿ ಪಕ್ಕದಲ್ಲಿ ಬರೆದಿದ್ದ. “ಯಾವಾಗ ಬರೀತಿದ್ದಿ?” ಅಂದೆ. “ಅವ್ವ ಊಟಕ್ಕ ಕುಂತಾಗ್ರಿ.” ಕೆಎ 32ರ ಕೆಳಗೆ ಎರಡು ಗೆರೆ ಎಳೆದಿದ್ದ, ನಮ್ಮ ಕಲಬುರಗಿ ಗಾಡಿ ಅಂತ. ನಾಲ್ಕನೆಯ ಹುಡುಗಿ ಬರಲೇ ಇಲ್ಲ. ಅವಳ ಹೆಸರು ಬಹಳ ದಿನ ಹಾಜರಿ ಪುಸ್ತಕದಲ್ಲಿತ್ತು.

ಇಂಥ ಮಕ್ಕಳೇ ಮುಂದೆ ಹತ್ತನೇ ತರಗತಿಗೆ ಬರುತ್ತಾರೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲಬುರಗಿ ಜಿಲ್ಲೆ ಶೇ. 42.43 ಪಡೆದು ರಾಜ್ಯಕ್ಕೇ ಕೊನೆಯಾಯಿತು. ಅಂಥ ದಿನ ಎಲ್ಲರ ಕಣ್ಣು ಹತ್ತನೇ ತರಗತಿಯ ಮೇಲೆ ಬೀಳುತ್ತದೆ. ವಿಶೇಷ ತರಗತಿ, ರಾತ್ರಿ ಓದು, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವುದು. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಹತ್ತು ವರ್ಷ ಒಂದು ಜಾಗದಲ್ಲಿ ಕೂತು ಓದಿ ಗೊತ್ತಿಲ್ಲದ ಮಗುವನ್ನು ಜನವರಿಯಲ್ಲಿ ನಾಲ್ಕು ಗಂಟೆಗೆ ಎಬ್ಬಿಸಿದರೆ ಅದು ತೂಕಡಿಸುತ್ತದೆ. ನಮ್ಮ ಫಲಿತಾಂಶ ಹತ್ತನೇ ತರಗತಿಯ ಮಾರ್ಚ್‌ನಲ್ಲಿ ಕೆಡುವುದಲ್ಲ, ಒಂದನೇ ತರಗತಿಯ ಜೂನ್‌ನಲ್ಲಿ ಕೆಡುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಫಜಲಪುರದ ಮೇಲೆ ಜೇವರ್ಗಿಗೆ ವರ್ಗವಾದಾಗ ಕಲಿತದ್ದು ಬೇರೆ ಪಾಠ. ಅಲ್ಲಿನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಅನ್ನುವುದೇ ಇರಲಿಲ್ಲ. ಮನೆ ಮುಟ್ಟಿದರೆ ಕೊಡ, ಕಸಬರಿಗೆ, ಸೊಂಟದ ಮೇಲೆ ತಮ್ಮ. ತಾಯಿ ಕೂಲಿಯಿಂದ ಬರುವಷ್ಟರಲ್ಲಿ ರೊಟ್ಟಿ ಬಡಿಯುವವಳು ಆರನೇ ತರಗತಿ ಹುಡುಗಿಯೇ. ಇಂಥವಳಿಗೆ ರೊಟ್ಟಿ ಬಡಿಯುವಾಗ ಓದು ಅಂತ ಹೇಳುವ ಬಾಯಿ ನನಗಿರಲಿಲ್ಲ. ಹಾಗಾಗಿ ಓದನ್ನು ಶಾಲೆಯೊಳಗೇ ಕಟ್ಟಬೇಕಾಯಿತು. 2013ರಲ್ಲಿ ಕ್ಷೀರಭಾಗ್ಯ ಶುರುವಾದ ಮೇಲೆ ನಮ್ಮಲ್ಲಿ ಹಾಲಿನ ಲೋಟ ತೊಳೆದಿಟ್ಟ ಕೂಡಲೇ ಹತ್ತು ನಿಮಿಷ ಮೌನ ಓದು ಇಟ್ಟೆವು. ಸಂಜೆಯ ಗಂಟೆಗೆ ಮುಂಚಿನ ಇಪ್ಪತ್ತು ನಿಮಿಷ ಹೋಂವರ್ಕಿಗೆ ಬಿಟ್ಟೆವು. ಪ್ರತಿಯೊಬ್ಬರಿಗೂ ಗೋಡೆ ಪಕ್ಕ ಒಂದು ಖಾಯಂ ಜಾಗ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗುರುತು. ಮನೆಗೆ ಹೋಗುವಾಗ ಚೀಲದಲ್ಲಿ ಬಾಕಿ ಇರಬಾರದು.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು. ಕೊರೊನಾದಿಂದ ಶಾಲೆ ಮುಚ್ಚಿತ್ತು, ಗುಡಿ ಕಟ್ಟೆಯ ಮೇಲೆ ನಡೆಸುತ್ತಿದ್ದ ವಿದ್ಯಾಗಮ ಪಾಠವೂ ನಿಂತಿತ್ತು. ನೀರು ಇಳಿದ ಮೇಲೆ ಒಂದಿಷ್ಟು ಪುಸ್ತಕ ಹೊತ್ತು ಶಾಲೆಗೆ ಹೋದಾಗ ಐದಾರು ಹುಡುಗಿಯರು ವರಾಂಡದಲ್ಲಿ ಕೂತಿದ್ದರು, ಹಿಂದೆ ತರಗತಿಯಲ್ಲಿ ಯಾರ ಪಕ್ಕ ಯಾರು ಕೂಡುತ್ತಿದ್ದರೋ ಅದೇ ಸಾಲಿನಲ್ಲಿ. ಓದಲು ಅವರ ಹತ್ತಿರ ಏನೂ ಇರಲಿಲ್ಲ, ಕೆಲವರ ಪುಸ್ತಕ ತೊಯ್ದು ಹೋಗಿದ್ದವು.

ಆ ಸಾಲಿನಲ್ಲಿ ಒಬ್ಬಳು ತಮ್ಮನನ್ನು ಕರೆದುಕೊಂಡೇ ಶಾಲೆಗೆ ಬರುತ್ತಿದ್ದವಳು. ಮೊದಮೊದಲು ಬೇಡವೆಂದಿದ್ದೆ. ಮೂರು ದಿನ ಅವಳೂ ಬರಲಿಲ್ಲ. ಆಮೇಲೆ ಕರೆದುಕೊಂಡು ಬಾ ಅಂದೆ. ಅವಳು ಬರೆಯುವ ಇಪ್ಪತ್ತು ನಿಮಿಷ ಅವನು ಪಕ್ಕದಲ್ಲಿ ಒಂದು ಬಳಪದ ಚೂರು ಹಿಡಿದು ನೆಲ ಗೀಚುತ್ತಿದ್ದ. ಎರಡು ವರ್ಷದ ಮೇಲೆ ಅವನ ಹೆಸರು ಒಂದನೇ ತರಗತಿಯ ಹಾಜರಿಗೆ ಬಂತು. ಪ್ರಾರಂಭೋತ್ಸವದ ದಿನ ಹೊಸ ಮಕ್ಕಳು ಬಾಗಿಲಲ್ಲಿ ಅವ್ವನ ಸೆರಗು ಹಿಡಿದು ಅಳುತ್ತಿದ್ದರೆ, ಅವನು ಸೀದಾ ಒಳಗೆ ಬಂದು ಗೋಡೆ ಪಕ್ಕ ಅಕ್ಕನ ಹಳೆಯ ಜಾಗದಲ್ಲಿ ಕೂತು ನನ್ನ ಕಡೆ ಕೈ ಚಾಚಿದ. “ಸರ, ಬಳಪ.”